ಯಾವ ಬುಕ್ಕು ತಗೊಳ್ಲಿ ಮಾಮಾ?

ಇಲ್ಲಿ ಬರೆದು ಬಹಳ ದಿನ ಆಯ್ತು. ಇವತ್ತಿನದು ಒಂದು ತಪ್ಪೊಪ್ಪಿಗೆ ಅಂದ್ಕೊಳ್ಳಿ.

ಮಾನ್ವಿಯಲ್ಲಿರೋ ನನ್ನ ಅಕ್ಕನ ಮಗಳು ಎಂವಿಎ ಮಾಡಿದ್ದಾಳೆ. ಹೋದ ವರ್ಷ ಯುಜಿಸಿ-ನೆಟ್ ಕಟ್ಟಿದಳು, ದೃಶ್ಯಕಲೆ ವಿಷಯ. ಜೆಆರ್‌ಎಫ್ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ, ಪಿಎಚ್‌ಡಿ ಮಾಡಬಹುದು. ಬರೀ ನೆಟ್ ಆದರೂ ಕಾಲೇಜಿನಲ್ಲಿ ಪಾಠ ಮಾಡೋ ಅರ್ಹತೆ.

"ಮಾಮಾ, ಕಲಾ ಇತಿಹಾಸಕ್ಕ ಯಾವ ಬುಕ್ಕು ತಗೊಳ್ಲಿ?" ಅಂತ ದೇವದುರ್ಗಕ್ಕೆ ಫೋನ್ ಮಾಡಿದಳು. ಚಿತ್ರಕಲೆ ಅಂದರೆ ನನಗೆ ಗೋಡೆ ಮೇಲಿನ ಕ್ಯಾಲೆಂಡರ್ ಅಷ್ಟೇ. ಆದರೆ ಮಾಮ ಅಲ್ವಾ, ಗೊತ್ತಿಲ್ಲ ಅನ್ನೋಕೆ ಬಾಯಿ ಬರಲಿಲ್ಲ. ರಾಯಚೂರಿಗೆ ಹೋದಾಗ ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದಪ್ಪ ಗೈಡು ತಂದುಕೊಟ್ಟೆ. ನಾಲ್ಕು ತಿಂಗಳು ಅದನ್ನೇ ಉರು ಹೊಡೆದಳು. ಸ್ವಲ್ಪದರಲ್ಲೇ ಹೋಯ್ತು.

ಆಮೇಲೆ ಒಂದು ದಿನ ಆ ಗೈಡು ತೆಗೆದು ಒಂದು ಸಾಲು ತೋರಿಸಿದಳು. ಅಶೋಕನ ಹೆಸರು ಇರೋದು ಮಸ್ಕಿ ಶಾಸನದಲ್ಲಿ ಮಾತ್ರ ಅಂತ ಅಚ್ಚಾಗಿತ್ತು. ನಮ್ಮ ಜಿಲ್ಲೆಯದೇ ಮಸ್ಕಿ! 1915ರಲ್ಲಿ ಅದು ಸಿಕ್ಕಿದ್ದು ನಿಜ, ಹೆಸರು ಮೊದಲು ಕಂಡಿದ್ದೂ ಅಲ್ಲೇ. ಆದರೆ ಆಮೇಲೆ ಮಧ್ಯಪ್ರದೇಶದ ಗುಜರ್ರಾ, ಬಳ್ಳಾರಿ ಕಡೆಯ ನಿಟ್ಟೂರು, ಉಡೇಗೋಳಗಳಲ್ಲೂ ಆ ಹೆಸರು ಸಿಕ್ಕಿದೆ. "ನಮ್ಮೂರಿನ ಸುದ್ದಿನೇ ಹಿಂಗಾದ್ರ, ಅಜಂತಾ ಬಗ್ಗೆ ಏನ್ ಬರ್ದಿರ್ತಾರೋ ಮಾಮಾ" ಅಂದಳು. ಬೈದಿದ್ರೆ ವಾಸಿ ಇತ್ತು...

ಈ ಸಲ ಇಬ್ಬರೂ ಕೂತು ಪಟ್ಟಿ ಮಾಡಿದ್ವಿ. ಮೊದಲು ಎನ್‌ಸಿಇಆರ್‌ಟಿಯ ಭಾರತೀಯ ಕಲೆ ಪರಿಚಯದ ಎರಡು ಭಾಗ, 11 ಮತ್ತು 12ನೇ ಕ್ಲಾಸಿನವು. ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಮೊದಲನೆಯದರಲ್ಲಿ ಗುಹಾಚಿತ್ರ, ಮೌರ್ಯರು, ಗುಡಿಗಳು. ಎರಡನೆಯದರಲ್ಲಿ ಮೊಘಲ್, ದಖ್ಖನಿ ಚಿತ್ರಗಳಿಂದ ಬಂಗಾಳ ಶಾಲೆವರೆಗೆ. ಆಮೇಲೆ ಈಡಿತ್ ಟೊಮೊರಿ ಅವರ ಪುಸ್ತಕ, ಭಾರತ ಮತ್ತು ಪಶ್ಚಿಮ ಎರಡೂ ಒಂದರಲ್ಲೇ ಇದೆ. ಪರ್ಸಿ ಬ್ರೌನ್ ವಾಸ್ತುವಿಗೆ ಮಾತ್ರ. ಎಲ್ಲಾ ಇಂಗ್ಲಿಷು, ಪ್ರಶ್ನೆಪತ್ರಿಕೆನೂ ಇಂಗ್ಲಿಷ್-ಹಿಂದಿಯಲ್ಲೇ. ಅವಳು ಓದಿದ್ದು ಕನ್ನಡ ಮಾಧ್ಯಮ. ಹಾಗಾಗಿ ನೋಟ್ಸು ಕನ್ನಡದಲ್ಲಿ, ಪಾರಿಭಾಷಿಕ ಪದ ಮಾತ್ರ ಇಂಗ್ಲಿಷಿನಲ್ಲೂ. ಹಳೇ ಪ್ರಶ್ನೆಪತ್ರಿಕೆ, ಉತ್ತರಗಳನ್ನ ಪರೀಕ್ಷೆ ನಡೆಸುವವರ ತಾಣದಿಂದಲೇ ಇಳಿಸಿಕೊಂಡ್ವಿ. 100 ಪ್ರಶ್ನೆ, 200 ಅಂಕ, ತಪ್ಪಿಗೆ ಅಂಕ ಕಳೆಯೋದಿಲ್ಲ.

ಈಟನ್, ವ್ಯಾಗನರ್ ಇಬ್ಬರೂ 2014ರಲ್ಲಿ ದಖ್ಖನ್ ಬಗ್ಗೆ ಬರೆದ ಪುಸ್ತಕದ ಬಗ್ಗೆ ಅವಳಿಂದಲೇ ಗೊತ್ತಾಯ್ತು. ಕಲ್ಯಾಣ, ವಾರಂಗಲ್ ಜೊತೆ ಅದರಲ್ಲಿ ನಮ್ಮ ರಾಯಚೂರೂ ಇದೆ. ಪರೀಕ್ಷೆಗೆ ಅಷ್ಟು ಬೇಕಿಲ್ಲ, ಆದರೂ ಓದ್ತೀನಿ ಅಂದಳು.

ಒಂದು ಭಾನುವಾರ ನಾನು ಗಬ್ಬೂರು ದಾಟಿ ಬಸ್ಸಲ್ಲಿ ಬಂದೆ, ಅವಳು ಮಾನ್ವಿಯಿಂದ. ರಾಯಚೂರು ಕೋಟೆ ಗೋಡೆಯಲ್ಲಿ 1294ರ ಶಾಸನದ ಕಲ್ಲಿದೆ, ಸುಮಾರು 41 ಅಡಿ ಉದ್ದ. ಅಂಥ ಕಲ್ಲನ್ನ ಬಂಡಿ ಮೇಲೆ ಎಳೆದು ತರೋ ದೃಶ್ಯವನ್ನ ಗೋಡೆ ಮೇಲೇ ಕೆತ್ತಿದ್ದಾರೆ. ಎಷ್ಟು ವರ್ಷ ಅದರ ಮುಂದೆ ಓಡಾಡಿದ್ದೀನೋ, ಒಮ್ಮೆಯೂ ನಿಂತು ನೋಡಿರಲಿಲ್ಲ. ಅವಳು ನೋಟ್‌ಬುಕ್ ತೆಗೆದು ಬಂಡಿಯ ಗೀಟು ಹಾಕ್ತಾ ಕೂತಳು. ನಾನು ಕೊಡೆ ಹಿಡಿದು ನಿಂತೆ.

ಗೈಡು ಈಗಲೂ ಅವಳ ಮನೆಯಲ್ಲಿದೆ. ಅದರಲ್ಲಿ ತಪ್ಪು ಹುಡುಕಿ ಕೆಂಪು ಪೆನ್ನಲ್ಲಿ ಗುರುತು ಹಾಕೋದು ಅವಳ ಹೊಸ ಅಭ್ಯಾಸ. ಮುಂದಿನ ಪರೀಕ್ಷೆಗೆ ಮತ್ತೆ ಅರ್ಜಿ ಹಾಕಿದ್ದಾಳೆ. ಫೀಸು ಈ ಸಲ ನಂದು. ಅಷ್ಟಾದರೂ ಬೇಡ್ವಾ ಹೇಳಿ?