ಹಿಡಿದ ಸಾಧನ, ಬಿಡದ ನಿಷ್ಠೆ

ಸಾಧನವನ್ನು ಆರಿಸಿಕೊಳ್ಳುವುದು ಸುಲಭ. ಅದನ್ನು ಕಡೆಯವರೆಗೆ ಕಾಪಾಡಿಕೊಳ್ಳುವುದು ಕಠಿಣ. ಅಮೆರಿಕದ ಟೆನಿಸ್ ಆಟಗಾರ ಪೀಟ್ ಸಾಂಪ್ರಾಸ್ 1990ರಲ್ಲಿ ತಮ್ಮ ಮೊದಲ ಯು.ಎಸ್. ಓಪನ್ ಗೆದ್ದಾಗ ಅವರ ಕೈಯಲ್ಲಿದ್ದುದು ವಿಲ್ಸನ್ ಪ್ರೋ ಸ್ಟಾಫ್ ರ‍್ಯಾಕೆಟ್. 2002ರಲ್ಲಿ ಅದೇ ಪಂದ್ಯಾವಳಿಯಲ್ಲಿ 14ನೆಯ ಗ್ರಾಂಡ್ ಸ್ಲಾಮ್ ಪ್ರಶಸ್ತಿ ಪಡೆದಾಗಲೂ ಇದ್ದುದು ಅದೇ ಬಗೆಯದು. ಅದರ ಮುಖ ಕೇವಲ 85 ಚದರ ಅಂಗುಲ. ಚೆಂಡು ನಡುವಿಗೆ ತಾಗದಿದ್ದರೆ ಅದು ಕ್ಷಮಿಸದು.

ಕೆರಿಬಿಯನ್ ದ್ವೀಪವಾದ ಸೇಂಟ್ ವಿನ್ಸೆಂಟಿನಲ್ಲಿ ತಯಾರಾದ ರ‍್ಯಾಕೆಟ್ಟುಗಳೇ ಅವರಿಗೆ ಮೆಚ್ಚು. ಅಲ್ಲಿಯ ಕಾರ್ಖಾನೆ ಮುಚ್ಚಿತು, ಅವು ವಿರಳವಾದವು. ಆದರೂ ಅವರು ಅವನ್ನೇ ಅರಸಿದರು. ಸೀಸದ ಪಟ್ಟಿ ಅಂಟಿಸಿ ತೂಕ ಹೆಚ್ಚಿಸಿ, ಕರುಳಿನ ತಂತಿಯನ್ನು ಬಲು ಬಿಗಿಯಾಗಿ, ಮತ್ತೆ ಮತ್ತೆ ಹೊಸದಾಗಿ ಹೆಣೆಸುತ್ತಿದ್ದರು.

ಇದು ನಿಷ್ಠೆಯೋ, ವ್ಯಾಮೋಹವೋ? ಮಣ್ಣಿನಂಕಣದ ಫ್ರೆಂಚ್ ಓಪನ್ ಅವರಿಗೆ ಕಡೆಗೂ ದಕ್ಕಲಿಲ್ಲ. ದೊಡ್ಡ ಮುಖದ ರ‍್ಯಾಕೆಟ್ಟನ್ನು ಪರೀಕ್ಷಿಸಿ ನೋಡಬೇಕಿತ್ತೆಂದು ನಿವೃತ್ತಿಯ ನಂತರ ಅವರೇ ಒಪ್ಪಿಕೊಂಡರು.

ಗೆಲುವನ್ನು ಕೊಟ್ಟ ನಿಷ್ಠೆಯೇ ಮಿತಿಯನ್ನೂ ಕಟ್ಟಿತು. ಸಾಧನವನ್ನು ಬಿಡದೆ ಹಿಡಿದವನು ಸಾಧಕ. ಸಾಧನವೇ ತನ್ನನ್ನು ಹಿಡಿದಿರುವುದನ್ನು ಕಂಡುಕೊಂಡವನು ಅರಿವುಳ್ಳವನು.