ನಕ್ಕಿದ್ದು ಜೋಕಿಗೋ, ಭಾಷೆಗೋ?

ನಗಿಸುವುದನ್ನು ಕಲಿಸುವ ಪಾಠಗಳು ಈಗ ಮೊಬೈಲಿನಲ್ಲೇ ಸಿಗುತ್ತವೆ. ಸ್ಟೀವ್ ಮಾರ್ಟಿನ್ ಕ್ಯಾಮೆರಾ ಮುಂದೆ ಕೂತು ಹೇಳಿಕೊಟ್ಟ ಪಾಠಗಳಿವೆ. ಜೋಕು ಕಟ್ಟುವುದನ್ನು ಹಂತಹಂತವಾಗಿ ಬಿಡಿಸಿ ತೋರಿಸುವ ಗ್ರೆಗ್ ಡೀನ್, ಜೂಡಿ ಕಾರ್ಟರ್ ಅವರ ಪುಸ್ತಕಗಳಿವೆ. ಉಚಿತ ವಿಡಿಯೊಗಳಿಗಂತೂ ಲೆಕ್ಕವಿಲ್ಲ. ವೃತ್ತಿ ರಂಗಭೂಮಿಯ ಹಾಸ್ಯ ಪಾತ್ರಗಳ ಮೇಲೆ ಪಿಎಚ್.ಡಿ. ಮಾಡುತ್ತಿರುವ ನಾನು ಎರಡು ವರ್ಷಗಳಿಂದ ಇವನ್ನೆಲ್ಲ ಇಂಗಳೇಶ್ವರದ ನಮ್ಮ ಮನೆಯ ಮಾಳಿಗೆ ಮೇಲೆ ಕೂತು ಕಲಿಯುತ್ತಿದ್ದೇನೆ. ನೆಟ್‌ವರ್ಕ್ ಸರಿಯಾಗಿ ಸಿಗುವುದು ಅಲ್ಲೇ.

ಹೀಗೆ ಕಲಿಯಲು ಎರಡು ಕಾರಣಗಳಿದ್ದವು. ನಾಟಕ ಕಂಪನಿಗಳಲ್ಲಿ ನೋಡಿದ್ದನ್ನು ಪ್ರಬಂಧದಲ್ಲಿ ವಿವರಿಸಲು ನನಗೆ ಕೆಲವು ಪದಗಳು ಬೇಕಿದ್ದವು. ಇನ್ನೊಂದು ಕಾರಣ ಹೊಟ್ಟೆಪಾಡಿನದು. ಫೆಲೋಶಿಪ್ ಮುಗಿದ ಮೇಲೆ ಏನು ಎಂಬ ಪ್ರಶ್ನೆಗೆ ನಮ್ಮಲ್ಲಿ ಬಹಳ ಜನ ಸಂಶೋಧಕರ ಹತ್ತಿರ ಉತ್ತರವಿಲ್ಲ. ಹಾಸ್ಯದಲ್ಲಿ ನಾಲ್ಕು ಕಾಸು ಬರುತ್ತದೆಯೋ ನೋಡೋಣ ಎಂಬ ಆಸೆ ನನಗಿತ್ತು, ಈಗಲೂ ಇದೆ.

ದೂರದಿಂದಲೇ ಹಾಸ್ಯ ಕಲಿಯುವುದು ಇಂಟರ್ನೆಟ್ಟಿನಿಂದ ಶುರುವಾದದ್ದೇನೂ ಅಲ್ಲ. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಬೀಚಿ ಮೊದಮೊದಲು ಕನ್ನಡ ಪುಸ್ತಕವನ್ನೇ ಮುಟ್ಟದವರು. ಅನಕೃ ಅವರ ‘ಸಂಧ್ಯಾರಾಗ’ ಓದಿ ಕನ್ನಡಕ್ಕೆ ತಿರುಗಿದರು. ಆ ಬೀಚಿಯವರ ಪುಸ್ತಕಗಳನ್ನು ಅರಗಿಸಿಕೊಂಡು ಗಂಗಾವತಿ ಪ್ರಾಣೇಶ್ ವೇದಿಕೆಗೆ ಬಂದರು. ಕಾಗದದ ಮೇಲಿದ್ದ ತಿಮ್ಮ ಹೀಗೆ ಹಳ್ಳಿಹಳ್ಳಿಯ ಮೈಕಿನಲ್ಲಿ ಮಾತಾಡಿದ. ಅವರಿಗೆ ಪುಸ್ತಕ ಮಾಡಿದ ಕೆಲಸವನ್ನು ನನಗೆ ಮೊಬೈಲು ಮಾಡುತ್ತಿದೆ.

ಈ ಪಾಠಗಳಲ್ಲಿ ಹುರುಳಿದೆ. ಕೇಳುಗರ ಮನಸ್ಸಿನಲ್ಲಿ ಒಂದು ನಿರೀಕ್ಷೆ ಹುಟ್ಟಿಸುವುದು ಸೆಟಪ್. ಅದನ್ನು ಮುರಿಯುವುದು ಪಂಚ್. ನಗು ಇಳಿಯುವ ಮೊದಲೇ ಅದರ ಬೆನ್ನಿಗೆ ಸೇರಿಸುವ ಇನ್ನೊಂದು ಮಾತು ಟ್ಯಾಗ್. ಮೊದಲು ಆಡಿದ ಮಾತನ್ನು ಬಹಳ ಹೊತ್ತಿನ ಮೇಲೆ ಮತ್ತೆ ಎತ್ತುವುದು ಕಾಲ್‌ಬ್ಯಾಕ್. ಈ ಹೆಸರುಗಳು ಗೊತ್ತಾದ ಮೇಲೆ ಕಂಪನಿ ನಾಟಕ ನೋಡಿದರೆ ಎಲ್ಲವೂ ಅಲ್ಲೇ ಕಾಣುತ್ತವೆ. ವ್ಯತ್ಯಾಸವೆಂದರೆ, ಅಮೆರಿಕದ ಪಾಠದಲ್ಲಿ ಒಬ್ಬನೇ ನಿಂತು ತನ್ನ ಬದುಕಿನ ಬಗ್ಗೆ ಮಾತಾಡುತ್ತಾನೆ. ನಮ್ಮಲ್ಲಿ ಒಬ್ಬ ಎತ್ತಿಕೊಡುತ್ತಾನೆ, ಇನ್ನೊಬ್ಬ ಹೊಡೆಯುತ್ತಾನೆ. ಎತ್ತಿಕೊಡುವವನ ಲೆಕ್ಕ ಒಂದು ಗಳಿಗೆ ತಪ್ಪಿದರೂ ನಗು ಬೀಳುವುದಿಲ್ಲ.

ಇನ್ನೊಂದು ವ್ಯತ್ಯಾಸ ನನ್ನ ಪ್ರಬಂಧಕ್ಕೇ ಸಂಬಂಧಿಸಿದ್ದು. ನಮ್ಮೂರು ಬಸವಣ್ಣನವರ ತಾಯಿಯ ತವರು. ಇಲ್ಲಿಯ ವಚನ ಶಿಲಾ ಮಂಟಪದಲ್ಲಿ ವಚನಗಳನ್ನು ಕಲ್ಲಿನಲ್ಲಿ ಕೆತ್ತಿ ಇಟ್ಟಿದ್ದಾರೆ. ಹಾಸ್ಯದ ಮಾತಿಗೆ ಆ ಭಾಗ್ಯವಿಲ್ಲ. ಅಚ್ಚಾದ ನಾಟಕದಲ್ಲಿ ಅರ್ಧ ಪುಟದಷ್ಟಿರುವ ಹಾಸ್ಯದ ದೃಶ್ಯ ರಂಗದ ಮೇಲೆ ಇಪ್ಪತ್ತು ನಿಮಿಷ ನಡೆಯುವುದನ್ನು ನಾನು ನೋಡಿದ್ದೇನೆ. ಉಳಿದದ್ದೆಲ್ಲ ಕಲಾವಿದ ಆ ಊರಿಗೆ, ಆ ರಾತ್ರಿಗೆ ಕಟ್ಟಿದ್ದು. ಅದು ಯಾವ ಪುಸ್ತಕದಲ್ಲೂ ಇಲ್ಲ.

ವ್ಯಾಪಾರದ ಪಾಠಗಳೂ ಇವೆ. ಐದು ನಿಮಿಷದ ಸರಕನ್ನು ತಿಂಗಳುಗಟ್ಟಲೆ ತಿದ್ದು, ಓಪನ್ ಮೈಕುಗಳಲ್ಲಿ ಪರೀಕ್ಷಿಸು, ಗೆದ್ದ ತುಣುಕನ್ನು ನೆಟ್ಟಿಗೆ ಹಾಕು, ಜನ ಸೇರಿದ ಮೇಲೆ ಟಿಕೆಟ್ ಮಾರು. ಸ್ಟೀವ್ ಮಾರ್ಟಿನ್ ತಮ್ಮ ಆತ್ಮಕಥೆಯಲ್ಲಿ, ಸ್ಟ್ಯಾಂಡಪ್ ಮಾಡಿದ 18 ವರ್ಷಗಳಲ್ಲಿ 10 ವರ್ಷ ಕಲಿಯುವುದಕ್ಕೇ ಹೋಯಿತೆಂದು ಲೆಕ್ಕ ಕೊಡುತ್ತಾರೆ. ನಮ್ಮ ಭಾಗದಲ್ಲಿ ಈ ಪರೀಕ್ಷೆ ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ನಡೆಯುತ್ತದೆ. ಬನದ ಹುಣ್ಣಿಮೆಯಿಂದ ವಾರಗಟ್ಟಲೆ ಹಲವು ಕಂಪನಿಗಳು ಅಕ್ಕಪಕ್ಕದಲ್ಲೇ ಟೆಂಟು ಹೊಡೆದಿರುತ್ತವೆ. ನೀವು ನಗಿಸದಿದ್ದರೆ ಜನ ಪಕ್ಕದ ಟೆಂಟಿಗೆ ಹೋಗುತ್ತಾರೆ. ಹಾಸ್ಯ ಕಲಾವಿದನ ಬೆಲೆ ಎಷ್ಟೆಂಬುದು ಟಿಕೆಟ್ ಕೌಂಟರಿನಲ್ಲಿ ಅದೇ ರಾತ್ರಿ ಗೊತ್ತಾಗುತ್ತದೆ.

ಆದರೆ ನಾನು ನೋಡಿದ ಯಾವ ಪಾಠದಲ್ಲೂ ಸಿಗದ ಒಂದು ಪ್ರಶ್ನೆಯನ್ನು ಬೆಂಗಳೂರು ನನ್ನ ಮುಂದಿಟ್ಟಿತು. ಅಲ್ಲಿ ಲೋಲ್‌ಬಾಗ್‌ನಂಥ ತಂಡಗಳಿಂದ ಕನ್ನಡ ಸ್ಟ್ಯಾಂಡಪ್‌ಗೆ ಈಗ ಒಂದು ನೆಲೆ ಸಿಕ್ಕಿದೆ. ಗೆಳೆಯರ ಒತ್ತಾಯಕ್ಕೆ ಕಳೆದ ವರ್ಷ ನಾನೂ ಒಂದು ಓಪನ್ ಮೈಕಿನಲ್ಲಿ ಐದು ನಿಮಿಷ ನಿಂತೆ. ನನ್ನ ಜೋಕು ಇದು. ಊರಿನ ಕಾಕಾ ಒಬ್ಬರು ಕೇಳುತ್ತಾರೆ:

“ತಮ್ಮಾ, ಡಾಕ್ಟರ್ ಆಗ್ಲಾಕತ್ತೀ ಅಂತಲ್ಲೋ. ಮೊಣಕಾಲ ನೋಯ್ತಾವ, ನೋಡು ಬಾ.”

“ಕಾಕಾ, ನಾ ಆ ಡಾಕ್ಟರ್ ಅಲ್ರೀ. ಮಂದಿ ಹ್ಯಾಂಗ ನಗ್ತಾರ ಅನ್ನೂದರ ಮ್ಯಾಲ ಓದ್ಲಾಕತ್ತೀನಿ.”

“ಹೌದಾ? ಐದ ವರ್ಷದಾಗ ಎಷ್ಟ ಮಂದೀನ ನಗಿಸಿದಿ?”

“ಯಾರ್ನೂ ಇಲ್ರೀ.”

“ಪ್ಯಾಟ್ಯಾಗಿನ ಡಾಕ್ಟರನೂ ಹಂಗ, ಐದ ವರ್ಷದಾಗ ಒಬ್ಬರ್ನೂ ಗುಣಾ ಮಾಡಿಲ್ಲ. ಅಂದ ಮ್ಯಾಲ ನೀ ಖರೇನ ಡಾಕ್ಟರ ಬಿಡು!”

ನಗು ಬಿತ್ತು, ಜೋರಾಗಿಯೇ ಬಿತ್ತು. ಆದರೆ ಬಿದ್ದದ್ದು ಮೊದಲ ಸಾಲಿಗೆ. ‘ಆಗ್ಲಾಕತ್ತೀ’ ಎಂದೊಡನೆ ನಕ್ಕರು. ‘ನೋಯ್ತಾವ’ ಎಂದಾಗ ಚಪ್ಪಾಳೆ ಹೊಡೆದರು. ಆ ಗದ್ದಲದಲ್ಲಿ ಕೊನೆಯ ಸಾಲು ಅರ್ಧ ಜನಕ್ಕೆ ಕೇಳಲೇ ಇಲ್ಲ. ಕೆಳಗಿಳಿದಾಗ ಒಬ್ಬರು ಬೆನ್ನು ತಟ್ಟಿ, “ಸೂಪರ್ ಗುರು, ನಿಮ್ಮ ಸ್ಲ್ಯಾಂಗ್ ಸಾಕು, ಜೋಕೇ ಬೇಕಾಗಿಲ್ಲ” ಎಂದರು. ಅವರು ಮೆಚ್ಚುಗೆಯಿಂದಲೇ ಹೇಳಿದ್ದು.

ಅದೇ ಜೋಕನ್ನು ಊರಿಗೆ ಬಂದು ಕಟ್ಟೆಯ ಮೇಲೆ ಹೇಳಿದೆ. ಮೊದಲ ನಾಲ್ಕು ಸಾಲಿಗೆ ಒಬ್ಬರೂ ತುಟಿ ಬಿಚ್ಚಲಿಲ್ಲ. ಅವರಿಗೆ ಅದು ದಿನಾ ಆಡುವ ಮಾತು, ಅದರಲ್ಲಿ ನಗುವಂಥದ್ದೇನಿದೆ? ಕೊನೆಯ ಸಾಲಿಗೆ ನಕ್ಕರು. ನಗು ಇಳಿಯುವ ಮೊದಲೇ ಒಬ್ಬ ಅಜ್ಜ ಬೀಡಿ ತೆಗೆಯುತ್ತ ಸೇರಿಸಿದರು: “ಆದ್ರ ಅಂವಗ ನಾವ ರೊಕ್ಕಾ ಕೊಡ್ಬೇಕು, ನಿನಗ ಸರ್ಕಾರನ ಕೊಡತೈತಿ.” ನಾನು ಎರಡು ವರ್ಷ ಓದಿದ ಟ್ಯಾಗ್ ಎಂದರೆ ಅದೇ. ಇದನ್ನು ನಾನು ಬರೆದಿರಲಿಲ್ಲ.

ಅವತ್ತಿನಿಂದ ನನಗೆ ರಾಜು ತಾಳಿಕೋಟೆ ಬೇರೆ ರೀತಿ ಕಾಣುತ್ತಿದ್ದಾರೆ. ನಮ್ಮದೇ ಜಿಲ್ಲೆಯ, ಸಿಂದಗಿ ತಾಲ್ಲೂಕಿನ ಚಿಕ್ಕಸಿಂದಗಿಯವರು. 2009ರ ‘ಮನಸಾರೆ’ ಸಿನಿಮಾದಿಂದ ರಾಜ್ಯಕ್ಕೆಲ್ಲ ಪರಿಚಿತರಾದರು, ಧಾರವಾಡ ರಂಗಾಯಣದ ನಿರ್ದೇಶಕರಾಗಿದ್ದಾಗಲೇ 2025ರ ಅಕ್ಟೋಬರಿನಲ್ಲಿ ತೀರಿಕೊಂಡರು. ದಕ್ಷಿಣದವರಲ್ಲಿ ಅನೇಕರಿಗೆ ಅವರು ‘ಉತ್ತರ ಕರ್ನಾಟಕದ ಭಾಷೆ ಮಾತಾಡುವ ಹಾಸ್ಯನಟ’. ಆದರೆ ಅದಕ್ಕೆ ಎಷ್ಟೋ ಮೊದಲೇ ಅವರ ‘ಕಲಿಯುಗದ ಕುಡುಕ’ ಕ್ಯಾಸೆಟ್ಟುಗಳು ನಮ್ಮ ಹಳ್ಳಿಗಳ ಚಹಾದಂಗಡಿಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ ಓಡಿದ್ದವು. ಕೇಳಿದವರು ಅದೇ ಭಾಷೆಯ ಜನ. ಅವರ ಕಿವಿಗೆ ಆ ಮಾತಿನ ಧಾಟಿ ಹೊಸದಲ್ಲ. ಅವರು ನಕ್ಕದ್ದು ಕುಡುಕನ ತರ್ಕಕ್ಕೆ, ಕುಡಿಯದವರು ಕೇಳಲು ಒಲ್ಲದ್ದನ್ನು ಅವನು ಹೇಳಿಬಿಡುವ ಧೈರ್ಯಕ್ಕೆ. ಭಾಷೆಯ ಬಲವೊಂದನ್ನೇ ನಂಬಿದ್ದರೆ ಆ ಕ್ಯಾಸೆಟ್ಟು ಸಿಂದಗಿಯಲ್ಲೇ ಮಾರಾಟವಾಗುತ್ತಿರಲಿಲ್ಲ.

ಬೆಂಗಳೂರಿನ ಪ್ರೇಕ್ಷಕರ ಮೇಲೆ ನನಗೆ ಸಿಟ್ಟಿಲ್ಲ. ಹೊಸ ಧಾಟಿ ಕೇಳಿದಾಗ ನಗು ಬರುವುದು ಸಹಜ. ಮಂಗಳೂರಿನ ಕನ್ನಡ ಕೇಳಿ ನಮ್ಮ ಕಟ್ಟೆಯೂ ನಕ್ಕೀತು. ನನ್ನ ಚಿಂತೆ ಹೇಳುವವನದು. ಮೊದಲ ಸಾಲಿಗೇ ಚಪ್ಪಾಳೆ ಸಿಗುವುದಾದರೆ ಕೊನೆಯ ಸಾಲನ್ನು ಯಾರು ತಿದ್ದುತ್ತಾರೆ? ಜೋಕು ಕಟ್ಟುವ ಶ್ರಮ ತಪ್ಪುತ್ತದೆ, ಧಾಟಿ ಮಾತ್ರ ದಿನದಿನಕ್ಕೆ ಒರಟಾಗುತ್ತ ಹೋಗುತ್ತದೆ. ಕೊನೆಗೆ ನಮ್ಮೂರಲ್ಲಿ ಯಾರೂ ಆಡದ ಒಂದು ‘ಉತ್ತರ ಕರ್ನಾಟಕದ ಭಾಷೆ’ ರೀಲುಗಳಲ್ಲಿ ಹುಟ್ಟುತ್ತದೆ. ಅದನ್ನು ಕೇಳಿ ಬೆಳೆದ ನಮ್ಮ ಹುಡುಗರು ಬೆಂಗಳೂರಿನ ಸಂದರ್ಶನದಲ್ಲಿ ಬಾಯಿ ಬಿಡಲು ಹಿಂಜರಿಯುತ್ತಾರೆ. ಹಾಗೆ ಹಿಂಜರಿದವರು ನನ್ನ ಹಾಸ್ಟೆಲಿನಲ್ಲೇ ಇದ್ದಾರೆ.

ಈಗ ನಾನೊಂದು ನಿಯಮ ಇಟ್ಟುಕೊಂಡಿದ್ದೇನೆ. ಬರೆದ ಜೋಕು ಮೊದಲು ಕಟ್ಟೆಯಲ್ಲಿ ಪಾಸಾಗಬೇಕು. ಅಲ್ಲಿ ಭಾಷೆಗೆ ಅಂಕವಿಲ್ಲ, ಜೋಕಿಗೆ ಮಾತ್ರ.

ಹೋದ ತಿಂಗಳು ಒಬ್ಬರು ಫೋನ್ ಮಾಡಿದ್ದರು. ವಾರಕ್ಕೆ ಎರಡು ರೀಲು ಬರೆದು ಮಾತಾಡಿಕೊಟ್ಟರೆ ದುಡ್ಡು ಕೊಡುತ್ತಾರಂತೆ. ನನಗೆ ಅದು ಸಣ್ಣ ಮೊತ್ತವಲ್ಲ. “ಸ್ವಲ್ಪ ರಫ್ ಆಗಿ ಮಾತಾಡಿ, ಜನಕ್ಕೆ ಅದೇ ಇಷ್ಟ” ಎಂದರು. ಬರೆದುಕೊಡುತ್ತೇನೆ, ಆದರೆ ಮನೆಯಲ್ಲಿ ಆಡುವಂತೆಯೇ ಆಡುತ್ತೇನೆ, ಮೈಸೂರಿನವರು ತಮ್ಮ ಧಾಟಿಯಲ್ಲಿ ಓದಿಕೊಂಡರೂ ನಗು ಬರುವ ಜೋಕನ್ನೇ ಕೊಡುತ್ತೇನೆ ಎಂದೆ. ಯೋಚಿಸಿ ಹೇಳುತ್ತೇವೆ ಎಂದಿದ್ದಾರೆ. ಫೆಲೋಶಿಪ್ ಇನ್ನು ನಾಲ್ಕು ತಿಂಗಳಿದೆ.