ಕಷ್ಟದ ಜೊತೆಗೇ

ಪವಿತ್ರ ಕುರ್‌ಆನಿನ 94ನೇ ಅಧ್ಯಾಯ, ನಾವು ಮದ್ರಸದಲ್ಲಿ 'ಅಲಮ್ ನಶ್ರಹ್' ಎನ್ನುವುದು, ಕೇವಲ 8 ಸೂಕ್ತಗಳದ್ದು. ಕಷ್ಟದ ಜೊತೆ ನಿರಾಳತೆಯೂ ಇದೆಯೆಂಬ ಭರವಸೆ ಅದರಲ್ಲಿ ಎರಡು ಬಾರಿ ಬರುತ್ತದೆ. ಮಕ್ಕಳಿಗೆ ಕಲಿಸುವಾಗ 'ಮಅ' ಎಂಬ ಪದದ ಬಳಿ ನಾನು ತುಸು ನಿಲ್ಲುತ್ತೇನೆ. ಅದರರ್ಥ 'ಜೊತೆಗೆ'; 'ಬಳಿಕ' ಎಂದಲ್ಲ.

ಪತಿ ತೀರಿಕೊಂಡ ದಿನಗಳಲ್ಲಿ ಅದು ನನಗೆ ಮನವರಿಕೆಯಾಯಿತು. ಇದ್ದತ್‌ನ 4 ತಿಂಗಳು 10 ದಿನವೂ ಅತ್ತೆ ನನ್ನ ಪಕ್ಕದಲ್ಲೇ ಮಲಗಿದರು. ಮಗನನ್ನು ಕಳಕೊಂಡ ತಾಯಿ ನನ್ನನ್ನು ಸಂತೈಸುತ್ತಿದ್ದರು! ಗೆಳತಿಯರು ಹೇಳದೆಯೇ ಅಕ್ಕಿ, ಸಾಮಾನು ತಂದಿಟ್ಟರು. ಇದ್ದತ್ ಮುಗಿದು ಮದ್ರಸಕ್ಕೆ ಹೋದಾಗ ಮಕ್ಕಳ ಸಲಾಮ್ ನನಗೆ ಬಲ ತುಂಬಿತು. ರಾತ್ರಿ ನನ್ನ ಮಕ್ಕಳ ಜೊತೆ ನಾನೂ ಪುಸ್ತಕ ಹಿಡಿದೆ, ಬಿ.ಎ. ಮುಗಿಸಿದೆ.

ಸಹೋದರಿಯರೇ, ಕಣ್ಣೀರು ಈಗಲೂ ಬರುತ್ತದೆ. ಆದರೆ ಅಲ್ಲಾಹನು ಜೊತೆಗಿತ್ತ ಕೈಗಳನ್ನು ಎಣಿಸಿದಾಗ ಮನಸ್ಸು ಶಾಂತವಾಗುತ್ತದೆ. ಅಲ್‌ಹಮ್ದುಲಿಲ್ಲಾಹ್.